ಉಸಿರಿಗೆ ಕಾವಲು: ಸುಟ್ಟಗಾಯ, ಹೊಗೆ ಮತ್ತು ವೆಂಟಿಲೇಟರ್ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಬೆಂಕಿ ಅವಘಡಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳ ಕಟ್ಟು ಮೇಜಿನ ಮೇಲಿದೆ. ಚರ್ಮದ ಬಗ್ಗೆ ಕೇಳಿದವರು ಕಡಿಮೆ, ಉಸಿರಿನ ಬಗ್ಗೆ ಕೇಳಿದವರೇ ಹೆಚ್ಚು. ಮಂಗಳೂರಿನಲ್ಲಿ ಅರಿವಳಿಕೆ ವೈದ್ಯೆಯಾಗಿ 31 ವರ್ಷ ಐಸಿಯುಗಳಲ್ಲಿ ದುಡಿದು ಈಗ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಮನೆಗೆ ಮರಳಿದ್ದೇನೆ. ನಾನು ಕಂಡದ್ದೂ ಹೀಗೆಯೇ: ಸುಟ್ಟು ಬಂದವರ ಮನೆಯವರು ಮೊದಲ ದಿನ 'ಕಲೆ ಉಳಿಯುತ್ತದೆಯೇ' ಎಂದು ಕೇಳುತ್ತಾರೆ. ನಾಲ್ಕನೆಯ ದಿನ ಬಾಗಿಲ ಬಳಿ ನಿಂತು 'ಉಸಿರಾಡುತ್ತಿದ್ದಾರೆಯೇ' ಎಂದಷ್ಟೇ ಕೇಳುತ್ತಾರೆ. ಈ ಸಲದ ಪುಟಗಳನ್ನು ಪೂರ್ತಿಯಾಗಿ ಆ ಪ್ರಶ್ನೆಗೇ ಮೀಸಲಿಡುತ್ತೇನೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಭಾವನಿಗೆ 46 ವರ್ಷವಾಗಿತ್ತು. ರಬ್ಬರ್ ಶೀಟ್ ಒಣಗಿಸುವ ಹೊಗೆಮನೆಗೆ ಬೆಂಕಿ ಹಿಡಿದಾಗ ಒಳಗಿದ್ದ ಶೀಟುಗಳನ್ನು ಎಳೆದು ಹಾಕಲು ಹೋದರು. ಎದೆ, ಬೆನ್ನು, ಎರಡು ಕೈ, ಮುಖ ಸುಟ್ಟಿತು. ನಡೆದುಕೊಂಡೇ ಹೊರಗೆ ಬಂದರು, ಅಂಗಳದಲ್ಲಿ ಕುಳಿತು ನೀರು ಕೇಳಿದರು, ದನಕ್ಕೆ ಹುಲ್ಲು ಹಾಕಲು ನೆನಪಿಸಿದರು. ಮಂಗಳೂರಿಗೆ ತಲಪುವಾಗ ಸ್ವರ ಸ್ವಲ್ಪ ಗೊಗ್ಗರಾಗಿತ್ತು, ಅಷ್ಟೆ. ಗಂಟಲಿಗೆ ನಳಿಗೆ ಹಾಕಬೇಕು, ಸಹಿ ಬೇಕು ಎಂದರು. ಅಕ್ಕ ಬೇಡವೆಂದಳು, ನಾನು ಸಹಿ ಹಾಕಿದೆ. ಮೂರನೆಯ ದಿನ ಶ್ವಾಸಕೋಶ ಸೋತಿದೆ ಎಂದರು. 17ನೆಯ ದಿನ ಭಾವ ತೀರಿಕೊಂಡರು. ಅಕ್ಕ ಏನೂ ಹೇಳುವುದಿಲ್ಲ, ಆದರೆ ಏಳು ತಿಂಗಳಿನಿಂದ ನನ್ನ ಮುಖ ನೋಡಿ ಮಾತನಾಡಿಲ್ಲ. ಮಾತನಾಡುತ್ತಿದ್ದ ಮನುಷ್ಯನನ್ನು ಯಂತ್ರಕ್ಕೆ ಒಪ್ಪಿಸಿದೆನೇ? ಸಹಿ ಹಾಕದಿದ್ದರೆ ಅವರು ಬದುಕುತ್ತಿದ್ದರೇ? – ಮುಳ್ಳೇರಿಯ

ಉತ್ತರ: ನೀವು ಸಹಿ ಹಾಕಿದ್ದು ಸರಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ ಬರಲಿ. ಈ ಪುಟವನ್ನು ನಿಮ್ಮ ಅಕ್ಕನ ಕೈಗೆ ಕೊಡಿ. ಮುಂದಿನ ಮಾತುಗಳನ್ನು ಅವರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಮುಚ್ಚಿದ ಕೋಣೆಯ ಬೆಂಕಿ ಮನುಷ್ಯನನ್ನು ಮೂರು ಕಡೆ ಹೊಡೆಯುತ್ತದೆ. ಬಿಸಿ ಗಾಳಿಯ ಶಾಖವೆಲ್ಲ ಬಾಯಿ ಮತ್ತು ಗಂಟಲಲ್ಲೇ ಖರ್ಚಾಗುತ್ತದೆ, ಧ್ವನಿಪೆಟ್ಟಿಗೆಯಿಂದ ಕೆಳಕ್ಕೆ ಅದು ಇಳಿಯುವುದು ಅಪರೂಪ. ಕೆಳಗಿಳಿಯುವುದು ಹೊಗೆ. ಅದರಲ್ಲಿರುವ ಮಸಿಯ ಕಣಗಳಿಗೆ ಅಂಟಿಕೊಂಡು ಅಕ್ರೋಲಿನ್‌ನಂತಹ ಕಟು ರಾಸಾಯನಿಕಗಳು ಶ್ವಾಸನಾಳದ ಒಳಪದರವನ್ನು ಸುಡುತ್ತವೆ. ಮೂರನೆಯದು ರಕ್ತಕ್ಕೆ ಸೇರುವ ಕಾರ್ಬನ್ ಮೊನಾಕ್ಸೈಡ್. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದು ಹಿಮೋಗ್ಲೋಬಿನ್ನಿಗೆ ಕಚ್ಚಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅದನ್ನು ಆಮ್ಲಜನಕವೆಂದೇ ಓದುತ್ತದೆ. ಹೀಗಾಗಿ ಉಸಿರಿಗೆ ಪರದಾಡುವವನ ಬೆರಳಿನಲ್ಲೂ 99 ಎಂದು ತೋರಿಸಬಹುದು. ಆ ಅಂಕೆಯನ್ನು ನಂಬಿ ಮನೆಗೆ ಕಳುಹಿಸಿದ್ದನ್ನು ನಾನು ನೋಡಿದ್ದೇನೆ.

ನಿಮ್ಮ ಭಾವನ ಗೊಗ್ಗರು ಸ್ವರ 'ಅಷ್ಟೆ' ಆಗಿರಲಿಲ್ಲ. ಧ್ವನಿತಂತುಗಳ ಸುತ್ತ ಊತ ಆರಂಭವಾಗಿದೆ ಎಂಬುದಕ್ಕೆ ನಮಗೆ ಸಿಗುವ ಮೊದಲ ಸುಳಿವೇ ಅದು. ಮೂಗಿನ ಕೂದಲು ಕರಟಿದ್ದರೆ, ಕಫದಲ್ಲಿ ಮಸಿ ಇದ್ದರೆ, ಉಸಿರೆಳೆಯುವಾಗ ಸಿಳ್ಳಿನಂತಹ ಸದ್ದು ಕೇಳಿದರೆ ಸಂಶಯ ಉಳಿಯುವುದಿಲ್ಲ. ಆ ಊತ ಮೊದಲ ಒಂದು ದಿನದಲ್ಲಿ ಏರುತ್ತಲೇ ಹೋಗುತ್ತದೆ. ಅದೇ ಹೊತ್ತಿಗೆ ನಾವು ರಕ್ತನಾಳದ ಮೂಲಕ ಲೀಟರುಗಟ್ಟಲೆ ದ್ರವ ಕೊಡಬೇಕಾಗಿರುತ್ತದೆ. 65 ಕಿಲೋ ತೂಗುವವರ ಮೈ ಶೇಕಡಾ 40ರಷ್ಟು ಸುಟ್ಟಿದ್ದರೆ, ಡಲ್ಲಾಸಿನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಹಳೆಯ ಸೂತ್ರದಂತೆ (ತೂಕ, ಸುಟ್ಟ ಶೇಕಡಾವಾರು ಮತ್ತು ನಾಲ್ಕನ್ನು ಗುಣಿಸಿದರೆ ಬರುವಷ್ಟು ಮಿಲಿಲೀಟರ್) 24 ಗಂಟೆಯಲ್ಲಿ 10,400 ಮಿಲಿಲೀಟರ್, ಅದರಲ್ಲಿ ಅರ್ಧ ಸುಟ್ಟ ಹೊತ್ತಿನಿಂದ ಮೊದಲ ಎಂಟು ಗಂಟೆಯೊಳಗೆ. ಈಗ ಹಲವರು ಅದಕ್ಕಿಂತ ಕಡಿಮೆಯಿಂದ ಆರಂಭಿಸುತ್ತಾರೆ. ಆದರೂ ದ್ರವ ಕೊಡದಿದ್ದರೆ ಮೂತ್ರಪಿಂಡ ನಿಲ್ಲುತ್ತದೆ. ಕೊಟ್ಟರೆ ಊತ ಹೆಚ್ಚುತ್ತದೆ, ತುಟಿ ಹಲಸಿನ ತೊಳೆಯಷ್ಟು ದಪ್ಪವಾಗುತ್ತದೆ, ನಾಲಗೆ ಬಾಯಿ ತುಂಬುತ್ತದೆ. ಆ ಸ್ಥಿತಿಯಲ್ಲಿ ನಳಿಗೆ ಹಾಕಲು ಹೋದರೆ ದಾರಿಯೇ ಕಾಣಿಸುವುದಿಲ್ಲ. ಕತ್ತಿನ ಮುಂಭಾಗವನ್ನು ಕೊಯ್ದು ಉಸಿರಿನ ದಾರಿ ಮಾಡಬೇಕಾಗುತ್ತದೆ, ಅದೂ ಕೆಲವೇ ನಿಮಿಷಗಳಲ್ಲಿ. ಆದ್ದರಿಂದಲೇ ಇಂತಹವರಿಗೆ ಅವರು ಮಾತನಾಡುತ್ತಿರುವಾಗಲೇ ನಳಿಗೆ ಹಾಕುತ್ತೇವೆ. ನೋಡುವವರಿಗೆ ಇದು ಕ್ರೂರವಾಗಿ ಕಾಣುತ್ತದೆ ಎಂಬುದು ನನಗೆ ಗೊತ್ತು. ಸಹಿಗೆ ಕಾಗದ ಚಾಚುವಾಗ ನನ್ನ ಕೈಯೂ ಹಲವು ಸಲ ತಡೆದದ್ದಿದೆ.

ಇನ್ನು ಮೂರನೆಯ ದಿನದ ಮಾತು. 'ಬಂದಾಗ ಎಕ್ಸ್‌ರೇ ಚೆನ್ನಾಗಿತ್ತು, ಯಂತ್ರಕ್ಕೆ ಹಾಕಿದ ಮೇಲೆ ಶ್ವಾಸಕೋಶ ಕೆಟ್ಟಿತು' ಎಂದು ಬಹಳ ಮನೆಯವರು ಹೇಳುತ್ತಾರೆ. ಹೊಗೆ ಕುಡಿದವರ ಮೊದಲ ದಿನದ ಎಕ್ಸ್‌ರೇ ಸಾಮಾನ್ಯವಾಗಿ ಸ್ವಚ್ಛವಾಗಿಯೇ ಇರುತ್ತದೆ. ಒಳಪದರ ಸತ್ತು ಕಳಚುವುದಕ್ಕೆ, ರಕ್ತದ ದ್ರವ ಗಾಳಿಚೀಲಗಳಿಗೆ ಸೋರುವುದಕ್ಕೆ ಎರಡು ಮೂರು ದಿನ ಬೇಕು. ಅದರ ಜೊತೆಗೆ ಮೈ ಇಷ್ಟು ಸುಟ್ಟಾಗ ಇಡೀ ದೇಹದ ರಕ್ತನಾಳಗಳು ಸೋರುತ್ತವೆ, ಶ್ವಾಸಕೋಶದವೂ ಸೋರುತ್ತವೆ. ಗಾಳಿಚೀಲಗಳು ಒದ್ದೆಯಾದ ಪ್ಲಾಸ್ಟಿಕ್ ಚೀಲದ ಬಾಯಿಯಂತೆ ಅಂಟಿಕೊಂಡು ತೆರೆಯುವುದಿಲ್ಲ. ಈ ಸ್ಥಿತಿಗೆ ವೈದ್ಯರು 'ಎಆರ್‌ಡಿಎಸ್' ಎನ್ನುತ್ತಾರೆ. 1967ರಲ್ಲಿ ಮೊದಲ ಸಲ 12 ರೋಗಿಗಳನ್ನು ನೋಡಿ ಅದನ್ನು ವಿವರಿಸಿದರು. ನಿಮ್ಮ ಭಾವನಿಗೆ ಆ ಸೋರಿಕೆ ಹೊಗೆಮನೆಯ ಒಳಗೆ ನಿಂತ ಆ ಕೆಲವು ನಿಮಿಷಗಳಲ್ಲೇ ತೀರ್ಮಾನವಾಗಿತ್ತು. ಕಾಗದದ ಮೇಲಿನ ಸಹಿಗೂ ಅದಕ್ಕೂ ಸಂಬಂಧವಿಲ್ಲ.

ಮತ್ತೊಂದು ಲೆಕ್ಕವನ್ನು ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳುತ್ತೇನೆ, ಏಕೆಂದರೆ ನಿಮ್ಮ ಎದೆಯ ಭಾರ ಇಳಿಸಲು ಅದು ನೆರವಾಗಬಹುದು. ಸುಟ್ಟಗಾಯದ ವೈದ್ಯರು ವಯಸ್ಸಿಗೆ ಸುಟ್ಟ ಶೇಕಡಾವಾರನ್ನು ಕೂಡಿಸುತ್ತಾರೆ, ಹೊಗೆಯ ಪೆಟ್ಟು ಇದ್ದರೆ ಮತ್ತೆ 17 ಸೇರಿಸುತ್ತಾರೆ. ಬೋ ಅಂಕ ಎಂದು ಅದರ ಹೆಸರು. ನಿಮ್ಮ ಭಾವನಿಗೆ 46, ಶೇಕಡಾ 40ರ ಆಸುಪಾಸು, ಮೇಲೆ 17. ಮೊತ್ತ ನೂರು ದಾಟುತ್ತದೆ. ಈ ಮೊತ್ತ ಏರಿದಷ್ಟೂ ಬದುಕುವ ಸಾಧ್ಯತೆ ಇಳಿಯುತ್ತದೆ. ನೋಡಿ, ಹೊಗೆಯೊಂದೇ ಮನುಷ್ಯನಿಗೆ 17 ವರ್ಷ ವಯಸ್ಸು ಹೆಚ್ಚಾದಷ್ಟು ಪೆಟ್ಟು ಕೊಡುತ್ತದೆ. ಅವರು 17 ದಿನ ಉಳಿದದ್ದು ಆ ನಳಿಗೆಯಿಂದ. ಅದು ಇಲ್ಲದಿದ್ದರೆ ಬಹುಶಃ ಅದೇ ರಾತ್ರಿ ಗಂಟಲು ಮುಚ್ಚಿ, ಕಣ್ಣು ತೆರೆದುಕೊಂಡೇ ಉಸಿರುಗಟ್ಟಿ ಹೋಗುತ್ತಿದ್ದರು. ನಾನು ಅಂತಹ ಸಾವನ್ನು ಎರಡು ಸಲ ಕಂಡಿದ್ದೇನೆ. ನಿಮ್ಮ ಅಕ್ಕ ಅದನ್ನು ಕಾಣಬೇಕಾಗಿ ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಸಹಿ.

ಪ್ರಶ್ನೆ: ನಾನು ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಸುಟ್ಟಗಾಯದ ವಾರ್ಡಿನಲ್ಲಿ ವೆಂಟಿಲೇಟರ್ ನೋಡಿದೆ. ರೋಗಿ ದೊಡ್ಡ ಆಳಾದರೂ ಒಂದು ಉಸಿರಿಗೆ 370 ಮಿಲಿಲೀಟರ್ ಮಾತ್ರ ಇಟ್ಟಿದ್ದರು. ಇಷ್ಟು ಕಡಿಮೆ ಏಕೆ? ಸುಟ್ಟವರಿಗೂ ಉಳಿದ ರೋಗಿಗಳಿಗೂ ವೆಂಟಿಲೇಟರ್ ನಿಯಮ ಒಂದೇ ಆಗಿದೆಯೇ? – ಕುಂಬಳೆ

ಉತ್ತರ: ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು, ಮಗಳೇ. ಪರದೆಯ ಮೇಲಿನ ಅಂಕೆಯನ್ನು ನೋಡಿ 'ಏಕೆ' ಎಂದು ಕೇಳುವ ಸಿಸ್ಟರ್ ಇದ್ದ ರಾತ್ರಿ ನಾನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದೆ.

ಮೊದಲು ನನ್ನ ತಪ್ಪಿನಿಂದ ಆರಂಭಿಸುತ್ತೇನೆ. 1990ರ ದಶಕದಲ್ಲಿ ನಾವು ಕಲಿತದ್ದು ಒಂದು ಉಸಿರಿಗೆ, ದೇಹತೂಕದ ಪ್ರತಿ ಕಿಲೋಗೆ 10ರಿಂದ 12 ಮಿಲಿಲೀಟರ್. ಶ್ವಾಸಕೋಶ ಗಟ್ಟಿಯಾದರೆ ಇನ್ನಷ್ಟು ಒತ್ತಡ ಹಾಕಿ ತುಂಬಿಸುತ್ತಿದ್ದೆವು. ರಕ್ತಪರೀಕ್ಷೆಯ ಅಂಕೆ ಚೆಂದವಾದರೆ ಗೆದ್ದೆವು ಎಂದುಕೊಳ್ಳುತ್ತಿದ್ದೆವು. ಒಂದು ರಾತ್ರಿ, ಸ್ಟೌವ್ ಸಿಡಿದು ಸುಟ್ಟಿದ್ದ ಹುಡುಗಿಯೊಬ್ಬಳ ಶ್ವಾಸಕೋಶ ಹೀಗೆ ತುಂಬುತ್ತಿರುವಾಗಲೇ ಒಡೆಯಿತು. ಎದೆಯ ಒಂದು ಬದಿ ಉಬ್ಬಿ ನಿಂತಿತು, ಕತ್ತಿನ ಚರ್ಮದಡಿಗೆ ಗಾಳಿ ನುಗ್ಗಿ ಬೆರಳಿಟ್ಟಲ್ಲೆಲ್ಲ ಚರಚರ ಎಂದಿತು. ಎದೆಗೆ ನಳಿಗೆ ಹಾಕಿದೆವು. ಅವಳು ಉಳಿಯಲಿಲ್ಲ. ನಮ್ಮ ಕೈಯಲ್ಲಿದ್ದ ಪುಸ್ತಕದಂತೆಯೇ ನಡೆದುಕೊಂಡಿದ್ದೆವು ಎಂಬುದು ನನಗೆ ಇಂದಿಗೂ ಸಮಾಧಾನ ಕೊಟ್ಟಿಲ್ಲ.

2000ದಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಕಿಲೋಗೆ 12 ಮಿಲಿಲೀಟರ್ ಕೊಟ್ಟವರಲ್ಲಿ ಶೇಕಡಾ 39.8 ಮಂದಿ ಸತ್ತಿದ್ದರು, 6 ಮಿಲಿಲೀಟರ್ ಕೊಟ್ಟವರಲ್ಲಿ ಶೇಕಡಾ 31. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಗುಂಡಿಯನ್ನು ಕೆಳಕ್ಕೆ ತಿರುಗಿಸಿದ್ದಷ್ಟೇ. ಕಾರಣವನ್ನು ಇಟಲಿಯ ಲೂಚಿಯಾನೊ ಗತ್ತಿನೋನಿ ಅದಕ್ಕೂ ಮೊದಲೇ ಸಿಟಿ ಸ್ಕ್ಯಾನಿನಲ್ಲಿ ತೋರಿಸಿದ್ದರು. ತೀವ್ರವಾಗಿ ಸೋತ ಶ್ವಾಸಕೋಶದಲ್ಲಿ ಗಾಳಿ ಆಡುವ ಭಾಗ ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟೇ ಉಳಿದಿರುತ್ತದೆ. ಉಳಿದದ್ದು ನೀರು ತುಂಬಿ ಮುಚ್ಚಿರುತ್ತದೆ. ಮಂಚದ ಮೇಲೆ ಆರಡಿಯ ಆಳು ಮಲಗಿದ್ದರೂ ನಾವು ಗಾಳಿ ಊದುತ್ತಿರುವುದು ಮಗುವಿನ ಶ್ವಾಸಕೋಶಕ್ಕೆ.

ನೀನು ನೋಡಿದ 370ರ ಲೆಕ್ಕ ಹೀಗೆ ಬಂದಿರಬೇಕು. ತೂಕವನ್ನು ತಕ್ಕಡಿಯಲ್ಲಿ ತೂಗುವುದಿಲ್ಲ, ಎತ್ತರದಿಂದ ಲೆಕ್ಕ ಹಾಕುತ್ತಾರೆ. ಗಂಡಸಾದರೆ 50ಕ್ಕೆ, ಹೆಂಗಸಾದರೆ 45.5ಕ್ಕೆ, 152.4 ಸೆಂಟಿಮೀಟರಿಗಿಂತ ಮೇಲಿನ ಪ್ರತಿ ಸೆಂಟಿಮೀಟರಿಗೆ 0.91 ಸೇರಿಸಬೇಕು. 165 ಸೆಂಟಿಮೀಟರ್ ಎತ್ತರದ ಗಂಡಸಿಗೆ ಸುಮಾರು 61.5 ಕಿಲೋ, ಆರರಿಂದ ಗುಣಿಸಿದರೆ 369. ಸುಟ್ಟ ರೋಗಿಯಲ್ಲಿ ಈ ನಿಯಮ ಇನ್ನೂ ಮುಖ್ಯ, ಏಕೆಂದರೆ ಎರಡು ದಿನ ದ್ರವ ಕೊಟ್ಟ ಮೇಲೆ ಮಂಚದ ತಕ್ಕಡಿ 10 ಕಿಲೋ ಹೆಚ್ಚು ತೋರಿಸಬಹುದು. ಶ್ವಾಸಕೋಶ ಒಂದು ಗುಲಗಂಜಿಯಷ್ಟೂ ಬೆಳೆದಿರುವುದಿಲ್ಲ.

ಈಗ ನಿನ್ನ ಎರಡನೆಯ ಪ್ರಶ್ನೆ. ಅದೇ ಕಷ್ಟದ್ದು. ಆ 2000ದ ಅಧ್ಯಯನದಲ್ಲಿ ಶೇಕಡಾ 30ಕ್ಕಿಂತ ಹೆಚ್ಚು ಸುಟ್ಟವರನ್ನು ಸೇರಿಸಿಕೊಂಡಿರಲಿಲ್ಲ. ಅಂದರೆ ನಾವು ಸುಟ್ಟವರಿಗೆ ಬಳಸುವ ನಿಯಮ ಸುಡದವರಿಂದ ಎರವಲು ತಂದದ್ದು. ಅದು ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿಯೇ ಕಲಿಯಬೇಕು.

ಎದೆಯ ಗೂಡನ್ನು ನೋಡು. ಹಸಿ ಅಡಿಕೆ ಹಾಳೆ ಬಟ್ಟೆಯಂತೆ ಬಾಗುತ್ತದೆ, ಒಣಗಿದ ಹಾಳೆ ಬಾಗದೆ ಸೆಟೆದು ನಿಲ್ಲುತ್ತದೆ. ಆಳವಾಗಿ ಸುಟ್ಟ ಚರ್ಮವೂ ಹಾಗೆಯೇ. ಎದೆಯ ಸುತ್ತ ಪೂರ್ತಿ ಸುಟ್ಟಿದ್ದರೆ ಒಣ ಹಾಳೆಯನ್ನು ಬಿಗಿದು ಕಟ್ಟಿದಂತೆ, ಒಳಗಿನ ಊತ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಆಗ ವೆಂಟಿಲೇಟರಿನಲ್ಲಿ ಒತ್ತಡ ಏರುತ್ತದೆ. ಉಸಿರು ತುಂಬಿ ನಿಂತ ಕ್ಷಣದ ಒತ್ತಡವನ್ನು 30 ಸೆಂಟಿಮೀಟರ್ ನೀರಿನ ಮಟ್ಟದೊಳಗೆ ಇಡಬೇಕೆಂಬುದು ನಿಯಮ. ಅದು 38 ತೋರಿಸಿದಾಗ ಹೊಸಬರು ಶ್ವಾಸಕೋಶ ಕೆಟ್ಟಿತೆಂದು ಗುಂಡಿ ತಿರುಗಿಸುತ್ತಾರೆ. ಗುಂಡಿ ಮುಟ್ಟುವ ಮೊದಲು ಹೊದಿಕೆ ಸರಿಸಿ ಎದೆ ನೋಡಬೇಕು. ಶಸ್ತ್ರವೈದ್ಯರು ಮಂಚದ ಬಳಿಯೇ ಸತ್ತ ಚರ್ಮಕ್ಕೆ ಎರಡು ಬದಿ ಉದ್ದಕ್ಕೆ, ಅಡ್ಡಕ್ಕೆ ಗೀರು ಹಾಕಿದರೆ ಒತ್ತಡ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಯಂತ್ರದ ಸದ್ದೇ ಬದಲಾಗುವುದನ್ನು ನೀನೂ ಒಮ್ಮೆ ಕೇಳುತ್ತೀಯೆ. ಹೊಟ್ಟೆಯನ್ನೂ ಮರೆಯಬೇಡ. ದ್ರವ ತುಂಬಿ ಬಿಗಿದ ಹೊಟ್ಟೆ ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ತಳ್ಳುತ್ತದೆ.

ಎರಡನೆಯ ತೊಡಕು ಸುಟ್ಟ ದೇಹದ ಹಸಿವು. ದೊಡ್ಡ ಸುಟ್ಟಗಾಯದಲ್ಲಿ ಮೈಯ ಉರುವಲಿನ ಬಳಕೆ ಹೆಚ್ಚುಕಡಿಮೆ ಇಮ್ಮಡಿಯಾಗಬಹುದು. ಅಷ್ಟೇ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದನ್ನು ಹೊರಹಾಕಲು ಹೆಚ್ಚು ಉಸಿರು ಬೇಕು. ಶ್ವಾಸಕೋಶವನ್ನು ಉಳಿಸಲು ಕಡಿಮೆ ಉಸಿರು ಕೊಡಬೇಕು. ಈ ಜಗ್ಗಾಟದಲ್ಲಿ ನಾವು ಉಸಿರಿನ ಗಾತ್ರವನ್ನು ಚಿಕ್ಕದಾಗಿಯೇ ಇಟ್ಟು ನಿಮಿಷಕ್ಕೆ 30, 35ರವರೆಗೂ ಸಂಖ್ಯೆ ಏರಿಸುತ್ತೇವೆ. ರಕ್ತ ತೀರಾ ಆಮ್ಲವಾಗದವರೆಗೆ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರಿದರೂ ತಾಳಿಕೊಳ್ಳುತ್ತೇವೆ. ಅಂಕೆ ಚೆಂದ ಮಾಡುವ ಆಸೆಯನ್ನು ಬಿಡುವುದು ವೈದ್ಯರಿಗೆ ಸುಲಭವಲ್ಲ.

ಮೂರನೆಯದು ಕಫ. ಹೊಗೆ ಕುಡಿದ ಶ್ವಾಸನಾಳದಲ್ಲಿ ಕಳಚಿದ ಒಳಪದರ, ಲೋಳೆ, ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ನಾರು ಸೇರಿ ಹೆಪ್ಪುಗಟ್ಟುತ್ತವೆ. ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ನೋಡುವ ಕೊಳವೆ) ಇಳಿಸಿ ಎಳೆದಾಗ ಪುಟ್ಟ ಮರದ ಕೊಂಬೆಗಳಂತೆ ಕವಲೊಡೆದ ಅಚ್ಚು ಹೊರಬರುವುದನ್ನು ನೋಡಿದ್ದೇನೆ. ಅಂತಹ ಒಂದು ತುಂಡು ನಳಿಗೆಗೆ ಸಿಕ್ಕಿಕೊಂಡರೆ ಜಗತ್ತಿನ ಯಾವ ವೆಂಟಿಲೇಟರೂ ಕೆಲಸಕ್ಕೆ ಬಾರದು. ಹೆಪ್ಪು ತಡೆಯುವ ಹೆಪಾರಿನ್ ಮತ್ತು ಕಫ ಕರಗಿಸುವ ಅಸಿಟೈಲ್‌ಸಿಸ್ಟೀನ್ ಅನ್ನು ಹಬೆಯಾಗಿ ಕೊಡುವ ಪದ್ಧತಿ ಹಲವು ಸುಟ್ಟಗಾಯದ ಘಟಕಗಳಲ್ಲಿದೆ. ಕಫ ಸಡಿಲಿಸಲೆಂದೇ ಸಣ್ಣ ಸಣ್ಣ ಮಿಡಿತಗಳಲ್ಲಿ ಗಾಳಿ ಬಡಿಯುವ ಬೇರೆ ಬಗೆಯ ವೆಂಟಿಲೇಟರ್ ಕೂಡ ಇದೆ. 2010ರಲ್ಲಿ ಅಮೆರಿಕದ ಸೇನೆಯ ಸುಟ್ಟಗಾಯದ ಕೇಂದ್ರದವರು 62 ರೋಗಿಗಳಲ್ಲಿ ಅದನ್ನು ಚಿಕ್ಕ ಉಸಿರಿನ ಪದ್ಧತಿಯೊಂದಿಗೆ ಹೋಲಿಸಿ ಪ್ರಕಟಿಸಿದರು. ಯಂತ್ರವಿಲ್ಲದೆ ಕಳೆದ ದಿನಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಆದರೆ ಚಿಕ್ಕ ಉಸಿರಿನ ಗುಂಪಿನಲ್ಲಿ ಹೆಚ್ಚು ಮಂದಿಯನ್ನು ನಡುವೆಯೇ ಬೇರೆ ಪದ್ಧತಿಗೆ ಬದಲಿಸಬೇಕಾಯಿತು. 'ಆರು ಮಿಲಿಲೀಟರ್' ಎಂಬುದನ್ನು ಕಣ್ಣುಮುಚ್ಚಿ ಜಪಿಸಬಾರದು ಎಂದು ನಾನು ಹೇಳುವುದು ಇದಕ್ಕೇ. ಎದೆ ನೋಡಿ, ಕಫ ನೋಡಿ, ಆಮೇಲೆ ಅಂಕೆ ಹಿಡಿಯಬೇಕು.

ಕವುಚಿ ಮಲಗಿಸುವುದರ ಬಗ್ಗೆಯೂ ಒಂದು ಮಾತು. 2013ರಲ್ಲಿ ಫ್ರಾನ್ಸಿನ ವೈದ್ಯರು ತೀವ್ರ ಎಆರ್‌ಡಿಎಸ್ ಇದ್ದವರನ್ನು ದಿನಕ್ಕೆ 16 ಗಂಟೆಯಾದರೂ ಕವುಚಿ ಮಲಗಿಸಿದಾಗ 28 ದಿನಗಳೊಳಗಿನ ಸಾವು ಶೇಕಡಾ 32.8ರಿಂದ 16ಕ್ಕೆ ಇಳಿದದ್ದನ್ನು ತೋರಿಸಿದರು. ಬೆನ್ನ ಬದಿಯ ಮುಚ್ಚಿದ ಗಾಳಿಚೀಲಗಳು ತೆರೆಯುತ್ತವೆ. ಸುಟ್ಟವರಲ್ಲಿ ಹೊಸದಾಗಿ ಕೂರಿಸಿದ ಚರ್ಮ ಜಾರಬಹುದು, ಊದಿದ ಮುಖಕ್ಕೆ ಒತ್ತಡದ ಹುಣ್ಣಾಗಬಹುದು, ನಳಿಗೆ ಕಳಚಬಹುದು. ಪಳಗಿದ ಆರೇಳು ಕೈಗಳಿದ್ದರೆ ಮಾಡಬಹುದು, ಮಾಡಿದ್ದೇವೆ.

ನಿನ್ನ ಕೈಯಲ್ಲಿರುವ ಕೆಲಸ ಇದು: ಸುಟ್ಟ ಮುಖಕ್ಕೆ ಪ್ಲಾಸ್ಟರ್ ಅಂಟುವುದಿಲ್ಲ, ನಳಿಗೆಯನ್ನು ಬಟ್ಟೆಯ ಪಟ್ಟಿಯಲ್ಲಿ ಕಟ್ಟಿರುತ್ತಾರೆ. ಮುಖ ಊದಿದಂತೆ ಆ ಪಟ್ಟಿ ಕಿವಿಯನ್ನು ಕೊರೆಯುತ್ತದೆ, ಊತ ಇಳಿದಂತೆ ಸಡಿಲವಾಗುತ್ತದೆ. ನಾಲ್ಕು ನಾಲ್ಕು ಗಂಟೆಗೆ ಬೆರಳು ತೂರಿಸಿ ನೋಡು. ಊದಿದ ಗಂಟಲಿನಿಂದ ಕಳಚಿದ ನಳಿಗೆಯನ್ನು ಮತ್ತೆ ಹಾಕುವುದು ಯಾರ ಕೈಯಿಂದಲೂ ಆಗದ ಹೊತ್ತಿರುತ್ತದೆ. ಇನ್ನೊಂದು: ಸುಟ್ಟು ಎರಡು ದಿನ ಕಳೆದ ಮೇಲೆ ಯಾರಾದರೂ ಅವಸರದಲ್ಲಿ ಸಕ್ಸಾಮೆಥೋನಿಯಂ (ನಳಿಗೆ ಹಾಕುವಾಗ ಸ್ನಾಯು ಸಡಿಲಿಸುವ ಮದ್ದು) ಕೇಳಿದರೆ 'ಬರ್ನ್ಸ್ ರೋಗಿ' ಎಂದು ಗಟ್ಟಿಯಾಗಿ ಹೇಳು. ರಕ್ತದ ಪೊಟ್ಯಾಶಿಯಂ ಒಮ್ಮೆಲೇ ಏರಿ ಹೃದಯ ನಿಲ್ಲಬಹುದು.

ಪ್ರಶ್ನೆ: ವೆಂಟಿಲೇಟರಿಗೆ ಹಾಕಿದರೆ ಮತ್ತೆ ಮನುಷ್ಯ ಸಿಗುವುದಿಲ್ಲ, ಸತ್ತವರನ್ನೂ ಅದರಲ್ಲಿಟ್ಟು ಬಿಲ್ಲು ಏರಿಸುತ್ತಾರೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಿಜ ಹೇಳಿ. – ಮಂಜೇಶ್ವರ

ಉತ್ತರ: ವೆಂಟಿಲೇಟರ್ ಗಾಳಿ ಊದಬಲ್ಲದು, ರಕ್ತ ಹರಿಸಲಾರದು. ಹೃದಯ ನಿಂತ ದೇಹವನ್ನು ಅದು ದಿನಗಟ್ಟಲೆ ಬೆಚ್ಚಗೆ ಇಡಲಾರದು. ನಿಮಗೆ ಸಂಶಯ ಬಂದರೆ ಒಳಗೆ ಹೋಗಿ ಕೈ ಹಿಡಿದು ನೋಡಲು ಅವಕಾಶ ಕೇಳಿ. ಕೇಳುವ ಹಕ್ಕು ನಿಮಗಿದೆ.

ಈ ಯಂತ್ರಗಳ ಕಾಲ ಆರಂಭವಾದದ್ದು 1952ರಲ್ಲಿ ಕೋಪನ್‌ಹೇಗನ್ನಿನ ಪೋಲಿಯೋ ಪಿಡುಗಿನಲ್ಲಿ. ಉಸಿರು ನಿಂತ ಮಕ್ಕಳಿಗೆ ಸಾಕಾಗುವಷ್ಟು ಯಂತ್ರಗಳಿರಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಕತ್ತಿಗೆ ನಳಿಗೆ ಇಟ್ಟು ರಬ್ಬರ್ ಚೀಲವನ್ನು ಕೈಯಲ್ಲೇ ಹಿಸುಕಿ ಉಸಿರು ಕೊಡುವ ದಾರಿ ತೋರಿಸಿದರು. ನೂರಾರು ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು ವಾರಗಟ್ಟಲೆ ಆ ಚೀಲಗಳನ್ನು ಹಿಸುಕಿದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮಲ್ಲೂ ವೆಂಟಿಲೇಟರ್ ಖಾಲಿಯಿಲ್ಲದ ರಾತ್ರಿಗಳಿದ್ದವು. ಪೈವಳಿಕೆ ಕಡೆಯ ಒಬ್ಬರಿಗೆ ಅವರ ಮೂವರು ತಮ್ಮಂದಿರು ಸರದಿಯಂತೆ ಎರಡು ರಾತ್ರಿ ಚೀಲ ಹಿಸುಕಿದರು. ಹಿರಿಯ ತಮ್ಮ ತನ್ನ ಉಸಿರಿನ ಲಯಕ್ಕೇ ಕೈಯನ್ನು ಹೊಂದಿಸಿಕೊಂಡಿದ್ದ. ಯಂತ್ರ ಬಂದ ಮೇಲೂ ಅವನ ಬೆರಳುಗಳು ಗೋಡೆಗೊರಗಿದಲ್ಲೇ ಮುಚ್ಚಿ ತೆರೆಯುತ್ತಿದ್ದವು. ಆ ಅಣ್ಣ ಬದುಕಿ ಮನೆಗೆ ಹೋದರು. ವೆಂಟಿಲೇಟರಿನಿಂದ ಮರಳಿದ ನೂರಾರು ಮಂದಿಯನ್ನು ನಾನು ಬಾಗಿಲವರೆಗೆ ಬಿಟ್ಟುಬಂದಿದ್ದೇನೆ.

ಮರಳದವರೂ ಇದ್ದಾರೆ. ಯಂತ್ರ ಶ್ವಾಸಕೋಶವನ್ನು ಗುಣ ಮಾಡುವುದಿಲ್ಲ, ಅದು ತಾನಾಗಿ ಗುಣವಾಗುವ ತನಕ ಕಾಯುತ್ತದೆ. ಗುಣವಾಗುವ ಆಸೆಯೇ ಉಳಿಯದಿದ್ದಾಗ ಏನು ಮಾಡಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಕಾನೂನಿನ ದಾರಿ ಇದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ, ಗುಣವಾಗುವ ಆಸೆಯಿಲ್ಲದ ರೋಗಿಗೆ ಯಂತ್ರದ ಆಸರೆಯನ್ನು ಹಿಂತೆಗೆದುಕೊಳ್ಳಲು ಒಪ್ಪಿತು, 2023ರ ಜನವರಿಯಲ್ಲಿ ಆ ವಿಧಾನವನ್ನು ಸರಳಗೊಳಿಸಿತು. ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ನೋಡಿ, ಮನೆಯವರ ಒಪ್ಪಿಗೆಯೊಂದಿಗೆ ತೀರ್ಮಾನಿಸಬೇಕು. ಅದನ್ನು ಬಿಟ್ಟು, ಹಣ ಮುಗಿಯಿತೆಂದು ನಳಿಗೆ ಕಳಚಿಸಿ ಆಂಬುಲೆನ್ಸಿನಲ್ಲಿ ಊರಿಗೆ ಹೊರಡುವವರನ್ನು ಕಂಡಾಗ ನನ್ನ ಕರುಳು ಹಿಂಡುತ್ತದೆ. ದಾರಿಯುದ್ದಕ್ಕೂ ಉಸಿರಿಗಾಗಿ ಒದ್ದಾಡುವುದು ಆ ರೋಗಿಯೇ. ಆರೋಗ್ಯ ವಿಮೆಯ ಕಾರ್ಡನ್ನು ದಾಖಲಾದ ಮೊದಲ ದಿನವೇ ಕೌಂಟರಿನಲ್ಲಿ ತೋರಿಸಿ ಲಿಖಿತ ಉತ್ತರ ಕೇಳಿ. ನಾವು ಕೇರಳದ ಕಾರ್ಡು ಹಿಡಿದು ಕರ್ನಾಟಕದ ಆಸ್ಪತ್ರೆಗೆ ಹೋಗುವವರು. ಹತ್ತನೆಯ ದಿನ ಕೇಳಿದರೆ ತಡವಾಗುತ್ತದೆ.

ಪ್ರತಿದಿನ ವೈದ್ಯರನ್ನು ಕೇಳಬೇಕಾದದ್ದು ಒಂದಿದೆ: 'ನಿನ್ನೆಗಿಂತ ಆಮ್ಲಜನಕ ಕಡಿಮೆ ಸಾಕಾಗುತ್ತಿದೆಯೇ?' ರಕ್ತದ ಆಮ್ಲಜನಕದ ಒತ್ತಡವನ್ನು, ಕೊಡುತ್ತಿರುವ ಆಮ್ಲಜನಕದ ಪಾಲಿನಿಂದ ಭಾಗಿಸಿದರೆ ಆರೋಗ್ಯವಂತರಲ್ಲಿ 400 ದಾಟುತ್ತದೆ. 100ಕ್ಕಿಂತ ಕೆಳಗೆ ಬಂದರೆ ತೀವ್ರ ಸೋಲು. ಆ ಒಂದು ಅಂಕೆ ಮೂರು ದಿನ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಬರೆದಿಟ್ಟುಕೊಳ್ಳಿ. 'ಸೀರಿಯಸ್' ಎಂಬ ಒಂದೇ ಮಾತಿಗಿಂತ ಅದು ನಿಮಗೆ ಹೆಚ್ಚು ತಿಳಿಸುತ್ತದೆ.

ಪ್ರಶ್ನೆ: 2024ರ ಅಕ್ಟೋಬರ್ 28ರ ರಾತ್ರಿ ನೀಲೇಶ್ವರದ ತೆಯ್ಯಂ ಉತ್ಸವದಲ್ಲಿ ಸಿಡಿಮದ್ದು ಸಿಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡಾಗ ಕೈಕಾಲು ಆಡಲಿಲ್ಲ. ಸುಟ್ಟವರಿಗೆ ಆಸ್ಪತ್ರೆಗೆ ಮುಟ್ಟುವ ಮೊದಲು ಏನು ಮಾಡಬೇಕು? – ಹೊಸದುರ್ಗ

ಉತ್ತರ: ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರು, 20 ನಿಮಿಷ. ಮೂರು ಗಂಟೆಯೊಳಗೆ ಯಾವಾಗ ಹಾಕಿದರೂ ಪ್ರಯೋಜನವಿದೆ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಮೊಟ್ಟೆ ಯಾವುದೂ ಬೇಡ. ಮೈ ತುಂಬ ಸುಟ್ಟಿದ್ದರೆ, ಮಕ್ಕಳಾಗಿದ್ದರೆ, ಹೆಚ್ಚು ಹೊತ್ತು ನೀರು ಹಾಕಿ ಚಳಿ ಹಿಡಿಸಬೇಡಿ. ಬಳೆ, ಉಂಗುರ, ಕರಿಮಣಿ, ಉಡಿದಾರವನ್ನು ಊತ ಬರುವ ಮೊದಲೇ ತೆಗೆಯಿರಿ. ಹೊಗೆ ಕುಡಿದವರನ್ನು ಮಲಗಿಸದೆ ಒರಗಿಸಿ ಕೂರಿಸಿ, 108ರವರಿಗೆ 'ಹೊಗೆ ಕುಡಿದಿದ್ದಾರೆ, ಆಮ್ಲಜನಕ ಬೇಕು' ಎಂದು ಸ್ಪಷ್ಟವಾಗಿ ಹೇಳಿ. ಬರಿಯ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಸಾಕು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ಇದೆ. ದಾರಿಯಲ್ಲಿ ಸ್ವರ ಒಡೆಯತೊಡಗಿದರೆ ದೂರದ ದೊಡ್ಡ ಆಸ್ಪತ್ರೆಗೆಂದು ಓಡಬೇಡಿ. ನಳಿಗೆ ಹಾಕಬಲ್ಲ ವೈದ್ಯರಿರುವ ಹತ್ತಿರದ ಆಸ್ಪತ್ರೆಯಲ್ಲಿ ನಿಲ್ಲಿಸಿ, ಉಸಿರಿನ ದಾರಿ ಭದ್ರಮಾಡಿಸಿಕೊಂಡು ಮುಂದೆ ಹೋಗಿ.

ಪ್ರಶ್ನೆ: ನನ್ನ ಗಂಡ 24 ದಿನ ವೆಂಟಿಲೇಟರಿನಲ್ಲಿದ್ದು, ಕತ್ತಿಗೆ ತೂತು ಮಾಡಿಸಿಕೊಂಡು, ಬದುಕಿ ಬಂದಿದ್ದಾರೆ. ದೇವರ ದಯೆ. ಆದರೆ ರಾತ್ರಿ ದೀಪ ಆರಿಸಲು ಬಿಡುವುದಿಲ್ಲ. ಯಾರೋ ನೀರಿನಲ್ಲಿ ಮುಳುಗಿಸುತ್ತಿದ್ದರು, ಗೊತ್ತಿಲ್ಲದ ಭಾಷೆಯಲ್ಲಿ ಮಾತನಾಡುತ್ತಿದ್ದರು ಎನ್ನುತ್ತಾರೆ. ಸ್ವರ ಒರಟಾಗಿದೆ, ತೋಟದ ಮೆಟ್ಟಿಲು ಹತ್ತಿದರೆ ಏದುಸಿರು. ತಲೆ ಕೆಟ್ಟಿದೆ ಎಂದು ಅತ್ತೆ ಹೇಳುತ್ತಾರೆ. – ಅಡೂರು

ಉತ್ತರ: ತಲೆ ಕೆಟ್ಟಿಲ್ಲ, ತಾಯೀ. ಅತ್ತೆಯವರಿಗೂ ಇದನ್ನು ಓದಿ ಹೇಳಿ. ಮಂಪರು ಬರಿಸುವ ಔಷಧ, ನೋವು, ಸೋಂಕು, ನಿದ್ದೆಯಿಲ್ಲದ ರಾತ್ರಿಗಳು ಸೇರಿ ಐಸಿಯುವಿನಲ್ಲಿ ಬಹಳ ಮಂದಿಗೆ ಭ್ರಮೆ ಉಂಟಾಗುತ್ತದೆ. ನೀರಿನಲ್ಲಿ ಮುಳುಗಿಸಿದ್ದು ಕಫ ಎಳೆಯುವ ನಳಿಗೆ ಇಳಿಸಿದಾಗಿನ ನೆನಪಾಗಿರಬೇಕು. ಆ ಕ್ಷಣ ನಿಜವಾಗಿಯೂ ಉಸಿರು ಕಟ್ಟುತ್ತದೆ. ಗೊತ್ತಿಲ್ಲದ ಭಾಷೆಯೂ ನಿಜವೇ. ಅಡೂರಿನವರು ಕನ್ನಡ, ತುಳುವಿನಲ್ಲಿ ಬೆಳೆದಿರುತ್ತಾರೆ, ಸಿಸ್ಟರ್‌ಗಳಲ್ಲಿ ಹಲವರು ದಕ್ಷಿಣ ಕೇರಳದಿಂದ ಬಂದವರು. ನಮ್ಮ ಘಟಕದಲ್ಲಿ ಕಣ್ಣು ತೆರೆಯದೆ ಐದು ದಿನ ಮಲಗಿದ್ದ ಒಬ್ಬರ ಕಿವಿಯ ಬಳಿ ನೆಲ ಒರೆಸಲು ಬಂದಿದ್ದ ಹೆಂಗಸು ತುಳುವಿನಲ್ಲಿ 'ಎಂಚ ಉಲ್ಲರ್' (ಹೇಗಿದ್ದೀರಿ) ಎಂದು ಕೇಳಿದಳು. ಅವರ ಕಣ್ಣಂಚಿನಿಂದ ನೀರು ಇಳಿಯಿತು. ಆ ದಿನದಿಂದ ಪ್ರತಿ ಮಂಚದ ತಲೆಯ ಬಳಿ ರೋಗಿಯ ಮನೆಮಾತು ಯಾವುದೆಂದು ದೊಡ್ಡದಾಗಿ ಬರೆದು ಅಂಟಿಸುವುದನ್ನು ಆರಂಭಿಸಿದೆವು. ಕನ್ನಡ, ಮಲಯಾಳ ಅಕ್ಷರಗಳ ಹಲಗೆಯನ್ನೂ ಮಾಡಿಸಿದೆವು. ನಳಿಗೆ ಇರುವವರು ಬೆರಳು ತೋರಿಸಿ 'ನೀರು', 'ನೋವು', 'ಮಗಳು' ಎಂದು ಹೇಳುತ್ತಿದ್ದರು.

ಒರಟು ಸ್ವರಕ್ಕೆ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಒಮ್ಮೆ ಕಾಣಲೇಬೇಕು. ನಳಿಗೆ ಇದ್ದಲ್ಲಿ ಶ್ವಾಸನಾಳ ಕಿರಿದಾಗುವುದುಂಟು. ಏದುಸಿರು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಉಸಿರಿನಲ್ಲಿ ಸಿಳ್ಳು ಕೇಳಿದರೆ ವಾರ ಕಾಯಬೇಡಿ. ಉಳಿದಂತೆ ಅಂಗಳದಲ್ಲಿ ನಡೆಸಿ, ಮೊದಲ ವಾರ ದಣಪೆಯವರೆಗೆ, ಆಮೇಲೆ ತೋಟದ ಮೊದಲ ಮೆಟ್ಟಿಲವರೆಗೆ. ಶ್ವಾಸಕೋಶದ ಬಲ ತಿಂಗಳುಗಟ್ಟಲೆ ನಿಧಾನವಾಗಿ ಮರಳುತ್ತದೆ, ಸೊರಗಿದ ಕಾಲಿನ ಸ್ನಾಯು ಅದಕ್ಕಿಂತಲೂ ತಡವಾಗಿ. ಮೊಟ್ಟೆ ತಿನ್ನುವವರಾದರೆ ದಿನಕ್ಕೆರಡು, ತಿನ್ನದಿದ್ದರೆ ಹೆಸರುಕಾಳು, ಹಾಲು, ಮೊಸರು ಧಾರಾಳವಾಗಿ ಕೊಡಿ. ಬಚ್ಚಲೊಲೆಗೆ ಮಡಲು, ಗೆರಟೆ ತುಂಬುವ ಕೆಲಸವನ್ನು ಈ ವರ್ಷ ಅವರಿಗೆ ಕೊಡಬೇಡಿ. ಹೊಗೆ ಸೋಕಿದರೆ ಕೆಮ್ಮು ಕೆರಳುತ್ತದೆ, ಮನಸ್ಸಿಗೂ ಆ ರಾತ್ರಿ ಮರಳುತ್ತದೆ.

ದೀಪ ಉರಿಯಲಿ. ಅವರೇ ಆರಿಸು ಎನ್ನುವವರೆಗೆ ಆರಿಸಬೇಡಿ. ಎರಡು ಮೂರು ತಿಂಗಳಾದರೂ ಕನಸು ಬಿಡದಿದ್ದರೆ ಮನೋವೈದ್ಯರಿಗೆ ತೋರಿಸಿ, ನೀವೂ ಜೊತೆಗೆ ಹೋಗಿ. ಆ 24 ದಿನಗಳಲ್ಲಿ ಹೊರಗೆ ಬೆಂಚಿನ ಮೇಲೆ ಕುಳಿತು ನೀವು ಕಂಡದ್ದನ್ನು, ಯಾರು ಬಂದರು, ಯಾವ ದಿನ ಏನಾಯಿತು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದು ಅವರಿಗೆ ಓದಲು ಕೊಡಿ. ಅವರ ನೆನಪಿನಲ್ಲಿ ಆ ದಿನಗಳು ಹರಿದ ಬಟ್ಟೆಯಂತಿವೆ. ನಡುನಡುವಿನ ಎಳೆಗಳು ಈಗ ನಿಮ್ಮ ಬಳಿ ಮಾತ್ರ ಇವೆ.